ಕೈಗಂಟಿದ ಸೀಬೆಯ ವಾಸನೆ

ಮಾರ್ಚ್ 12

ಪ್ರೀತಿಯ ಪುಟ್ಟಿ,

ಎಲ್ಲರೂ ಕ್ಷೇಮವೇ? ಅಮ್ಮ ತೀರಿಕೊಂಡ ಮೇಲೆ ನೀನು ಕಳಿಸಿದ ಅವಳ ಶಾಲು ತಲುಪಿ ತಿಂಗಳಾಯಿತು. ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ಪುರುಸೊತ್ತಿರಲಿಲ್ಲ ಅಂದರೆ ಸುಳ್ಳು. ನಿನ್ನ ಮೇಲೆ ಅನುಮಾನವಿತ್ತು ಕಣೇ.

ಈ ತಿಂಗಳು ನಾನು ಯಾರನ್ನೂ ನಂಬಿಲ್ಲ. ಕಿತ್ತಳೆ ಚಿಗುರಿನ ರಸ ಹೀರುವ ಎಳ್ಳಿನಷ್ಟು ಕೀಟವಿದೆ. ಸೀಬೆ ಎಲೆಯ ವಾಸನೆ ಅದಕ್ಕೆ ಆಗದು. ಪ್ರಯೋಗಾಲಯದಲ್ಲಿ ಅದನ್ನೇ ಪರೀಕ್ಷಿಸುತ್ತಿದ್ದೇನೆ. ಕವಲೊಡೆದ ಗಾಜಿನ ಕೊಳವೆ. ಒಂದು ಕವಲಿಗೆ ಬರೀ ಕಿತ್ತಳೆ ಚಿಗುರು, ಇನ್ನೊಂದಕ್ಕೆ ಚಿಗುರಿನ ಜೊತೆ ಸೀಬೆ ಎಲೆ. ಕೀಟ ಮೊದಲನೆಯದಕ್ಕೆ ಹೋಗಬೇಕು. ಹೋಗಲಿಲ್ಲ. ಎರಡು ವಾರ ಕೀಟಗಳೆಲ್ಲ ಕವಲೊಡೆಯುವ ಜಾಗದಲ್ಲೇ ಕೂತು ಮೀಸೆ ತಿರುವಿದವು.

ಯಾರೋ ಬೇಕೆಂದೇ ಚಿಗುರಿಗೆ ಸೀಬೆ ಎಲೆ ಉಜ್ಜುತ್ತಿದ್ದಾರೆ ಅನ್ನಿಸಿತು. ಚಿಗುರು ಕೊಯ್ದು ತರುವವನು ತೋಟದ ತಾತ, ಹಿಂದೊಮ್ಮೆ ನನ್ನಿಂದ ಬೈಸಿಕೊಂಡವನು. ಅವನು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಕೊಳವೆ ಮುಟ್ಟುವ ಮೊದಲು ಕೈ ಮೂಸಿಕೊಳ್ಳುವುದು ನಮ್ಮಲ್ಲಿ ಕಡ್ಡಾಯ. ನಾನು ದಿನವೂ ಮೂಸಿದ್ದೇನೆ, ಏನೂ ಇರಲಿಲ್ಲ. ಹಾಗಾದರೆ ಅವನದೇ ಕೆಲಸ! ಸಾಹೇಬರಿಗೆ ಹೇಳಿ ಅವನನ್ನು ಗೇಟು ಕಾಯಲು ಹಾಕಿಸಿದೆ. ಚಿಗುರು ನಾನೇ ಕೊಯ್ದೆ. ಕೀಟಗಳು ಆಗಲೂ ಕದಲಲಿಲ್ಲ.

ನಿನ್ನೆ ಗೇಟಿನಲ್ಲಿ ಸಹಿ ಹಾಕುವಾಗ ತಾತ, "ಮೇಡಂ, ಕೈ ತೊಳ್ಕೊಂಡಿಲ್ವಾ? ಸೀಬೆ ಎಲೆ ಗಮ್ ಅಂತಿದೆ" ಅಂದ.

"ಸುಳ್ಳು ಹೇಳ್ಬೇಡ ತಾತ."

"ನನಗ್ಯಾಕೆ ಸುಳ್ಳು? ನೀವೇ ಮೂಸಿ ನೋಡ್ಕೊಳ್ಳಿ."

ಮೂಸಿದೆ. ಏನೂ ಇಲ್ಲ. ಅವನ ಊಟದ ಡಬ್ಬಿಯಲ್ಲಿದ್ದ ಬೆಳ್ಳುಳ್ಳಿ ಮೂಸಿದೆ. ಅದೂ ಇಲ್ಲ. ಜನವರಿಯ ಜ್ವರ ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗಿದೆ. ಸೀಬೆ ಎಲೆ ಹಿಸುಕಿದ ಕೈಯಲ್ಲೇ ಚಿಗುರು ಮುಟ್ಟುತ್ತಿದ್ದವಳು ನಾನೇ. ಅಡುಗೆ ಸಪ್ಪೆ ಅಂತ ನಿನ್ನ ಭಾವನ ಮೇಲೆ ರೇಗಾಡಿದ್ದು ಬೇರೆ! ನಾಚಿಕೆಯಿಂದ ಭೂಮಿಗಿಳಿದುಹೋದೆ.

ಇವತ್ತು ಸಾಹೇಬರೆದುರು ತಪ್ಪೊಪ್ಪಿಕೊಂಡೆ. ತಾತ ತೋಟಕ್ಕೆ ಮರಳಿದ್ದಾನೆ. ಈಗ ನನ್ನ ಕೈ ಮೂಸುವವನು ಅವನೇ. ಮೂರು ಸಲ ತೊಳೆಸಿದ. ಕೀಟಗಳು ಸರಿಯಾದ ದಾರಿ ಹಿಡಿದವು.

ಮಕ್ಕಳಿಗೆ ಆಶೀರ್ವಾದ. ನೂರು ಕಾಲ ಸುಖವಾಗಿರಿ.

ನಿನ್ನ
ಅಕ್ಕ

ತಾ.ಕ.: ಶಾಲು ಬಂದ ದಿನ ಮುಖಕ್ಕೆ ಒತ್ತಿಕೊಂಡೆ. ಅಮ್ಮನ ವಾಸನೆ ಇರಲಿಲ್ಲ. ಒಗೆಯಬೇಡ ಅಂತ ಅಷ್ಟು ಹೇಳಿದ್ದರೂ ಒಗೆದು ಕಳಿಸಿದ್ದೀಯ ಅಂದುಕೊಂಡೆ. ಹೇಗೂ ಒಗೆದದ್ದೇ ತಾನೆ ಅಂತ, ಆ ಸಿಟ್ಟಿನಲ್ಲಿ ಹೋದ ವಾರ ಸೋಪು ಹಾಕಿ ಒಗೆದುಬಿಟ್ಟೆ. ಪುಟ್ಟೀ, ನೀನು ಒಗೆದಿರಲಿಲ್ಲ, ಅಲ್ವಾ?