ಅಣ್ಣನ ಉಸಿರು

ಮನೆ ಮೆಟ್ಟಿಲ ಮೇಲಿನಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅಲ್ಲಿ ನಿನ್ನ ಕೆಲಸದ ಗೋದಾಮಿನ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಇಲ್ಲಿ ಅಮ್ಮನ ಮಂಡಿನೋವು, ಅಪ್ಪನ ಗೊರಕೆ, ನನ್ನ ತಲೆಹರಟೆ ಮೂರೂ ಕ್ಷೇಮ.

ಘನ ಅಣ್ಣನವರ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನೆ ಸಂಜೆ ನಾನು ಹುಟ್ಟಿದ ಮೇಲೆ ಮೊದಲ ಸಲ ಹಿತ್ತಾಳೆ ವಾದ್ಯಗಳ ಕಚೇರಿಗೆ ಹೋಗಿದ್ದೆ. ಸಭಾಂಗಣದ ದೀಪ ನೋಡಿಕೊಳ್ಳುವ ಅಪ್ಪನಿಗೆ ಎರಡು ಪಾಸು ಸಿಕ್ಕಿದ್ದವು. ಅಮ್ಮ ಬರಲಿಲ್ಲ. "ಆ ಸದ್ದನ್ನ ನಿಮ್ಮಣ್ಣ ಆರು ವರ್ಷ ಬಿಟ್ಟಿಯಾಗಿ ಕೇಳಿಸಿದಾನೆ, ಸಾಕು" ಅಂದಳು. ಅಂದವಳು ನಿನ್ನ ಟ್ರಂಪೆಟ್ ಪೆಟ್ಟಿಗೆ ಇರುವ ಅಟ್ಟದ ಕಡೆ ಒಮ್ಮೆ ನೋಡಿದಳು.

ನಾನು ನಗಲು ಸಿದ್ಧಳಾಗಿಯೇ ಹೋಗಿದ್ದೆ. ಹತ್ತು ಜನ ದೊಡ್ಡವರು ಸಾಲಾಗಿ ಕೂತು ಕೆನ್ನೆ ಉಬ್ಬಿಸಿದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಮೊದಲ ಸ್ವರ ಕಿವಿಗಿಂತ ಮುಂಚೆ ಎದೆಗೆ ಬಡಿಯಿತು. ಕುರ್ಚಿಯ ಕೈ ನಡುಗಿತು. ಬಚ್ಚಲ ಬಾಗಿಲು ಹಾಕಿಕೊಂಡು ನೀನು ಊದುತ್ತಿದ್ದದ್ದು ಇದನ್ನೇ ಎಂದು ನನಗೆ ಗೊತ್ತಿರಲಿಲ್ಲ ಅಣ್ಣಾ.

ನಡುವೆ ಟ್ರಂಪೆಟ್ಟಿನವರೊಬ್ಬರು ಕುರ್ಚಿ ಕೆಳಗಿನಿಂದ ದೊಡ್ಡ ಬಿರಡೆಯಂಥದ್ದನ್ನು ಎತ್ತಿ ವಾದ್ಯದ ಬಾಯಿಗೆ ತುರುಕಿದರು. ಸದ್ದು ಗೋಡೆಯಾಚೆ ಹೋದಂತೆ ತೆಳ್ಳಗಾಯಿತು. ನನಗೆ ಖುಷಿಯೋ ಖುಷಿ, ನನ್ನ ಅಪರಾಧಕ್ಕೆ ಶಾಸ್ತ್ರಾಧಾರ ಸಿಕ್ಕಿತೆಂದು. ಸ್ವಲ್ಪ ಹೊತ್ತಿಗೆ ಅವರು ಅದನ್ನು ತೆಗೆದು ಕೆಳಗಿಟ್ಟರು. ನಾನು ತೆಗೆದಿರಲಿಲ್ಲ.

ವಾದ್ಯತಂಡದವರು ನಿನ್ನನ್ನು ಪರೀಕ್ಷೆಗೆ ಕರೆದಿದ್ದ ದಿನ ಬೆಳಿಗ್ಗೆ, ಪಾತ್ರೆ ತೊಳೆಯುವ ಸ್ಪಂಜಿನ ತುಂಡನ್ನು ಪೆನ್ಸಿಲಿನಿಂದ ನಿನ್ನ ಟ್ರಂಪೆಟ್ಟಿನ ಕೊರಳಿಗೆ ತಳ್ಳಿದವಳು ನಾನು. ಮನೆಯಲ್ಲೇ ಒಮ್ಮೆ ಊದಿ ನೋಡುತ್ತೀಯ, ಬೆಪ್ಪಾಗುತ್ತೀಯ, ನಗೋಣ ಅಂದುಕೊಂಡಿದ್ದೆ. ತುಟಿ ದಣಿಯಬಾರದೆಂದು ನೀನು ಊದದೆಯೇ ಹೊರಟುಬಿಟ್ಟೆ. ಸಂಜೆ ಬಂದವನು ಪೆಟ್ಟಿಗೆಗೆ ಬೀಗ ಹಾಕಿ, "ನನಗೆ ಉಸಿರೇ ಸಾಲಲ್ಲಮ್ಮ" ಅಂದೆ. ಊರಿಗೆಲ್ಲ ಆಗುವಷ್ಟು ಬಾಯಿರುವ ನಾನು ತಟ್ಟೆ ನೋಡುತ್ತ ಕೂತೆ. ಎರಡು ವರ್ಷವಾಯಿತು.

ನಿನ್ನೆ ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. "ಯಾಕೆ, ಹಿಡಿಸಲಿಲ್ವೇನೇ?" ಅಂದರು ಅಪ್ಪ. ದಾರಿಯುದ್ದಕ್ಕೂ ಎಲ್ಲ ಹೇಳಿಬಿಟ್ಟೆ. ಬಯ್ಯಲಿಲ್ಲ. "ಅವನಿಗೆ ಬರಿ" ಅಂದರು, ಅಷ್ಟೆ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಅಮ್ಮನ ಆಶೀರ್ವಾದ, ಅಪ್ಪನ ನೆನಪು. ನನ್ನ ನಮಸ್ಕಾರ ಸದ್ಯಕ್ಕೆ ನಿನ್ನ ಕೈಗೆ ಸಿಗದಷ್ಟು ದೂರದಿಂದ.

ನಿನ್ನ ತಂಗಿ,
ತಲೆಹರಟೆ

ಅಂಚೆಗೆ ಹಾಕುವ ಮುಂಚೆ ಇನ್ನೊಂದು: ನಿನ್ನ ಉಸಿರಿಗೆ ಏನೂ ಆಗಿಲ್ಲ. ನಿನ್ನೆ ನುಡಿಸಿದ ಆ ತಂಡಕ್ಕೆ ಮುಂದಿನ ತಿಂಗಳು ಟ್ರಂಪೆಟ್ಟಿಗೆ ಒಬ್ಬರು ಬೇಕಂತೆ, ಅಪ್ಪ ವಿಚಾರಿಸಿಕೊಂಡು ಬಂದಿದ್ದಾರೆ. ಪೆಟ್ಟಿಗೆ ಇಳಿಸಿ ಒರೆಸಿಟ್ಟಿದ್ದೇನೆ. ಬೀಗದ ಕೈ ನಿನ್ನ ಹತ್ತಿರ, ಸ್ಪಂಜು ಇನ್ನೂ ಒಳಗೆ. ಬಾ. ಮೊದಲು ಅದನ್ನು ತೆಗೆ, ಆಮೇಲೆ ಊದು. ಹೊಡೆಯುವುದೇನಿದ್ದರೂ ಊದಿ ಮುಗಿದ ಮೇಲೆ.