ಹರಿಣಿಯ ದನಿ ಇರುವ ಎರಡನೇ ಸುರುಳಿ

ಡುಲುತ್, ಅಕ್ಟೋಬರ್ ೧೯೯೬

ಗೆಳೆಯ ಗುರುರಾಜ,

ಈ ಕತೆ ಶುರುವಾದದ್ದು ಹರಿಣಿಯ ಅತ್ತೆ ಚನ್ನಮ್ಮನವರಿಂದ. ನಿನ್ನೆ, ಕ್ಯಾರಿಯ ಅವರ ಮನೆಯಲ್ಲಿ, ಆಯುಧಪೂಜೆ ಮುಗಿದು ಊಟದ ಎಲೆ ಎತ್ತಿದ ಮೇಲೆ. ಹರಿಣಿಯ ಹೆಸರೆತ್ತಿದರೆ ಸಾಕು, ನೀನು ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ದಮ್ಮಯ್ಯ, ಕೊನೆಯವರೆಗೂ ಓದು.

ರೆಸ್ಟನ್ನಿನ ಬೇಸ್‌ಮೆಂಟಿನಲ್ಲಿ ‘ತಗಡು’ ಬ್ಯಾಂಡ್ ಕಟ್ಟಿದವರು ನಾವಿಬ್ಬರು. ಪಂಕ್ ಸಂಗೀತದ ಹುಡುಗರ ಆರ್ಭಟ ಇಳಿದು, ಅದರ ಬೂದಿಯಿಂದ ಏನೋ ಹೊಸತು ಹೊಗೆಯಾಡುತ್ತಿದ್ದ ಕಾಲ. ಮೇಲಿನ ಮನೆಯವಳು ನೆಲ ಗುದ್ದಿದರೆ ನೀನು, “ಅಕಿ ತಾಳ ಹಾಕಾಕತ್ತಾಳ, ನಿಲ್ಲಸಬ್ಯಾಡಲೇ ಶಶಿ” ಎನ್ನುತ್ತಿದ್ದೆ. ನಮ್ಮ ಒಂದೇ ಡಿಸ್ಕನ್ನು ಯಾರೂ ಕೊಳ್ಳಲಿಲ್ಲ. ಆಮೇಲೆ ಹರಿಣಿ ಬಂದಳು. ಅವಳು ಹಾಡಿದ್ದೆಲ್ಲ ಎರಡು ಟೇಪು ಸುರುಳಿಗಳಲ್ಲೇ ಉಳಿಯಿತು. ಅವಳು ಮದುವೆಯಾಗಿ ಹೊರಟಾಗ, ಮುನಿದ ನೀನು ಒಂದನ್ನು ಎತ್ತಿಕೊಂಡು ಹೋದೆ. ಇನ್ನೊಂದು ಅವಳ ಜೊತೆ ಹೋಯಿತು.

ವಾಷಿಂಗ್ಟನ್ನಿನ ರೆಕಾರ್ಡ್ ಅಂಗಡಿಯವನು ನಮ್ಮ ಡಿಸ್ಕನ್ನೂ ಟೇಪುಗಳನ್ನೂ ಹೊರತರಲು ನಮ್ಮನ್ನು ಹುಡುಕಿದ್ದು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಇದು: ಹೋದ ವರ್ಷ ಹರಿಣಿಯ ಗಂಟಲಿಗೆ ಕ್ಯಾನ್ಸರ್ ಆಯಿತು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅವಳ ಮಗಳು ಊರ್ಮಿಳಾ ಅಮ್ಮ ಹಾಡಿದ್ದನ್ನು ಕೇಳಿಯೇ ಇಲ್ಲ.

ನಿನ್ನೆ ಚನ್ನಮ್ಮ ಹರಿಣಿಯ ಬಳಿಯಿದ್ದ ಆ ಸುರುಳಿಯನ್ನು ದೇವರ ಮುಂದಿನಿಂದ ಎತ್ತಿ ತಂದರು. “ಸೊಸಿ ಕಸಬಿನ ಸಾಮಾನಪಾ ಇದು. ಅಕಿ ಹಾಡೂದು ಬಿಟ್ರೂ ನಾ ಪೂಜಿ ಬಿಟ್ಟಿಲ್ಲ. ವರ್ಷಾ ವರ್ಷಾ ನೀರು ಚಿಮುಕಿಸಿ, ಗಂಧಾ ಹಚ್ಚಿ, ಹೂವಾ ಏರಸೇನಿ” ಎಂದರು. ಹರಿಣಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಟೇಪು ಹಾಕಿದೆವು. ಒಂದು ಸಾಲು, ಒಂದೇ ಸಾಲು ಹರಿಣಿ ಹಾಡಿದಳು. ಆಮೇಲೆ ಟೇಪು ಕಿರುಚಿತು, ಕಂದು ಪುಡಿ ಉದುರಿತು. “ಅಜ್ಜಿ, ದಟ್ ವಾಸ್ ಅಮ್ಮ? ಪ್ಲೀಸ್, ಮತ್ತೆ ಹಾಕಿ” ಎಂದಳು ಊರ್ಮಿಳಾ. ಮತ್ತೆ ಹಾಕಲು ಅದರ ಮೇಲೆ ಏನೂ ಉಳಿದಿರಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದರೆ ತಲೆ ಚಚ್ಚಿಕೊಂಡ. ತೇವ ಹೀರಿದ ಟೇಪನ್ನು ಮೊದಲು ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಒಣಗಿಸಬೇಕಂತೆ. ನಾಳೆ ನೀನು ನಿನ್ನ ಸುರುಳಿ ಹಾಕಿ ನೋಡುವವನೆಂದೂ ಅವನೇ ಹೇಳಿದ. ಹಾಕಬೇಡ, ಗುರು. ನಿನ್ನ ಗ್ಯಾರೇಜಿನ ಸೆಕೆ ತಿಂದ ಟೇಪೂ ಹಾಗೇ ಆದೀತು. ಅವಳ ದನಿ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ.

ಅಳುತ್ತಿದ್ದ ಚನ್ನಮ್ಮ ಥಟ್ಟನೆ, “ಒಣಗಸೂದಾ? ನನ್ನ ಸಂಡಿಗಿ ಒಣಗಸೂ ಮಷೀನ್ ಮತ್ಯಾಕ ಐತಿ?” ಎಂದರು.

ಇವತ್ತು ಬೆಳಿಗ್ಗೆ ಆ ಮಷೀನನ್ನು ಜೀರಿಗೆ ವಾಸನೆ ಹೋಗುವಂತೆ ತಿಕ್ಕಿ ತೊಳೆದು, ತೊಡೆಯ ಮೇಲಿಟ್ಟುಕೊಂಡು ಕಾರು ಹತ್ತಿದರು. ಊರ್ಮಿಳಾ ಪಕ್ಕದಲ್ಲಿ ಕೂತಳು. ಹರಿಣಿ ಸ್ಟೀರಿಂಗ್ ಯಾರಿಗೂ ಕೊಡಲಿಲ್ಲ. ಆರು ಗಂಟೆ ದಾರಿ ಸವೆಸಿ, ಈಗ ಡುಲುತ್‌ನ ನಿನ್ನ ಮನೆಯೆದುರಿಗೇ ಇದ್ದೇವೆ. ಬೆಲ್ ಒತ್ತಿದೆ, ನೀನು ತೆಗೆಯಲಿಲ್ಲ. ಇದನ್ನು ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ. ಹರಿಣಿ ಒತ್ತುವ ಹಾರ್ನ್ ಕೇಳಿ ಸಿಡುಕಬೇಡ. ಹಾಡು ಶುರುಮಾಡಲು ಅವಳು ಕಾಲು ಬಡಿಯುತ್ತಿದ್ದಳಲ್ಲ, ಅದೇ ತಾಳದ ಲೆಕ್ಕ. ಈಗ ಅವಳು ನಿನ್ನನ್ನು ಕೂಗುವುದು ಹೀಗೇ.

ನಿನ್ನ ಕೈಗೆ ಒಳ್ಳೆಯದಾಗಲಿ, ಅದು ಚಿಲಕ ತೆಗೆಯಲಿ.

ನಿನ್ನ ಹೊಸ್ತಿಲಾಚೆ ನಿಂತಿರುವ,
ಶಶಿಕಾಂತ್