ಒದ್ದೆ ಅಂಗಡಿ, ಒಣ ಅಂಗಡಿ

ಜೂನ್ 3, ಸೋಮವಾರ

ಪರದೆ ಬಟ್ಟೆಯ ಥಾನುಗಳನ್ನು ಸುತ್ತಿಟ್ಟು ಕೂತಿದ್ದೇನೆ. ಗಿರಾಕಿ ಇನ್ನೂ ಇಲ್ಲ. ಪ್ಲಾಸ್ಟಿಕ್ ಚೀಲದ ನಿಷೇಧ ಬಂದು ಮೂರನೇ ದಿನ. ಬೀದಿ ತುಂಬ ಬಟ್ಟೆ ಚೀಲಗಳು! ಊರೆಲ್ಲ ಕರಪತ್ರ ಹಂಚಿ ಗಂಟಲು ಹರಿದುಕೊಂಡದ್ದು ಸಾರ್ಥಕ.

ಮಾಲೀಕರಂತೂ ಕುಣಿಯುತ್ತಿದ್ದಾರೆ. ಉಳಿಕೆ ಬಟ್ಟೆಯಲ್ಲಿ ಚೀಲ ಹೊಲಿಸಿ, ಅಂಗಡಿ ಹೆಸರು ಅಚ್ಚು ಹಾಕಿಸಿ ಮಾರಾಟ. “ನೋಡು ಕ್ರಾಂತಿ, ಜನ ದುಡ್ಡು ಕೊಟ್ಟು ನನ್ನ ಬೋರ್ಡು ಹೊತ್ಕೊಂಡು ತಿರುಗ್ತಾರೆ!” ಕ್ರಾಂತಿ ಎಂದರೆ ನಾನು. ಅವರಿಟ್ಟ ಅಡ್ಡಹೆಸರು. ಬೇಸರವಿಲ್ಲ.

ಎದುರಿನ ಮೆಡಿಕಲ್‌ನವನಿಗೆ ಏನೂ ಆಗಿಲ್ಲ — ಅವನದು ಮೊದಲಿನಿಂದಲೂ ಕಾಗದದ ಕವರು. ಹಾರ್ಡ್‌ವೇರಿನವನು, ಮೊಳೆ ಕಾಗದ ಹರಿಯುತ್ತೆ ಎಂದು ಎರಡು ದಿನ ಗೊಣಗಿದ. ಇವತ್ತು ಗೋಣಿ ತುಂಡಿನಲ್ಲಿ ಕಟ್ಟಿ ಕೊಡುತ್ತಿದ್ದಾನೆ. ಮನಸ್ಸಿದ್ದರೆ ಮಾರ್ಗ.

ಜೂನ್ 5, ಬುಧವಾರ, ಸಂಜೆ

ಅತ್ತಿಗೆ ಮೀನು ಮಾರ್ಕೆಟ್ಟಿನಿಂದ ಬಂದವಳೇ ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿದಳು. ಅರ್ಧ ಮೀನು ಮಾರಾಟವಾಗದೆ ಹಾಗೇ ಇತ್ತು.

“ನಿನ್ನ ಕರಪತ್ರದಲ್ಲೇ ಸುತ್ತಿ ಕೊಡ್ಲೇನೇ ತಾಯಿ? ಆಫೀಸು ಬಿಟ್ಟು ಬರೋರು ಬರಿಗೈಲಿ ಬರ್ತಾರೆ. ಕವರ್ ಇಲ್ಲ ಅಂದ್ರೆ, ಸರಿ ಬಿಡಮ್ಮ ಅಂತ ನೆಟ್ಟಗೆ ಸೂಪರ್‌ಮಾರ್ಕೆಟ್ಟಿಗೆ.”

“ಅಲ್ಲೂ ಕವರ್ ಇಲ್ವಲ್ಲ.”

“ಟ್ರೇ ಇದೆ. ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿರ್ತಾರೆ. ಅದು ಚೀಲ ಅಲ್ವಂತೆ, ಪ್ಯಾಕಿಂಗ್ ಅಂತೆ. ಕಳ್ಳನಿಗೆ ಕೋಟು ಹಾಕಿದ್ರೆ ಸಾಹೇಬ!”

ನಿಯಮದ ಹಾಳೆ ತೆಗೆದು ಓದಿದೆ. ಹೌದು. ಹಿಡಿಕೆ ಇರುವ ಚೀಲ ಮಾತ್ರ ಅಪರಾಧಿ. ಇಷ್ಟು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಜೂನ್ 9, ಭಾನುವಾರ

ಎರಡು ಪದರದ ದಪ್ಪ ಬಟ್ಟೆ ಚೀಲ ನಾನೇ ಹೊಲಿದುಕೊಟ್ಟೆ. ಅತ್ತಿಗೆಯ ಹಳೇ ಗಿರಾಕಿ, ನಿವೃತ್ತ ಮೇಷ್ಟ್ರು, ಅದರಲ್ಲಿ ಮೀನು ಒಯ್ದರು. ಚೀಲ ವಾಪಸ್ ಕೊಡಲು ಇವತ್ತು ಮನೆಗೇ ಬಂದರು.

“ಬಸ್ಸಲ್ಲಿ ತೊಟ್ಟಿಕ್ಕೋಕೆ ಶುರುವಾಯ್ತು ನೋಡು ಮಗಳೇ... ನನ್ನ ಸುತ್ತ ನಾಲ್ಕು ಸೀಟು ಖಾಲಿ! ರಿಟೈರಾದ ದಿನವೂ ನಂಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.”

ಅತ್ತಿಗೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಅವರು ಹೋದ ಮೇಲೆ, ನಗು ಪೂರ್ತಿ ಇಳಿಯುವ ಮೊದಲೇ ಹೇಳಿಬಿಟ್ಟಳು — ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರ್ ಕೆಲಸಕ್ಕೆ ಕರೆದಿದ್ದಾನೆ. ಮೀನು ಕೊಯ್ದು ಟ್ರೇಗೆ ತುಂಬೋದು. ಇಪ್ಪತ್ತೆರಡಕ್ಕೆ ಉತ್ತರ ಬೇಕಂತೆ.

“ಫ್ಯಾನ್ ಕೆಳಗೆ ಕೆಲಸ. ಟೋಪಿನೂ ಕೊಡ್ತಾರಂತೆ.”

“ಕೊಡ್ತಾರೋ, ಹಾಕ್ತಾರೋ?”

ಈ ಸಲ ನಗಲಿಲ್ಲ. ಮಾರ್ಕೆಟ್ಟಿನಲ್ಲಿ ಅವಳು ಕೂರುವುದು ಅವಳ ಅಮ್ಮನ ಕಾಲದ ಜಾಗ. ಒಂದು ವಾರ ಖಾಲಿ ಬಿಟ್ಟರೆ ಬೇರೆಯವರ ಪಾಲು. ಅವಳು ದಿನವಿಡೀ ಮೀನಿಗೆ ಪ್ಲಾಸ್ಟಿಕ್ ಸುತ್ತಬೇಕು. ನಾವು ಗೆದ್ದ ಕಾನೂನಿನ ಪುಣ್ಯದಿಂದ!

ಬಿಡುವುದಿಲ್ಲ.

ಜೂನ್ 11, ಮಂಗಳವಾರ

ಊಟದ ಬಿಡುವಿನಲ್ಲಿ ವಾರ್ಡ್ ಆಫೀಸಿಗೆ ಹೋಗಿ ಬಂದೆ. ಟ್ರೇ ಮೇಲಿನ ಹಾಳೆಯ ಬಗ್ಗೆ ಕೇಳಿದೆ, ಮೀನಿನಂಥ ಒದ್ದೆ ಸಾಮಾನು ಮಾರುವವರಿಗೆ ಏನು ದಾರಿ ಎಂದೂ ಕೇಳಿದೆ. ಗುಮಾಸ್ತ ತಲೆ ಎತ್ತಲಿಲ್ಲ. “ಒದ್ದೆ ಅಂಗಡಿ, ಒಣ ಅಂಗಡಿ ಅಂತೆಲ್ಲ ಕಾನೂನಲ್ಲಿ ಇಲ್ಲಮ್ಮ. ಅಂಗಡಿ ಅಂದ್ರೆ ಅಂಗಡಿ.”

ಕಾನೂನು ತಪ್ಪು ಎನ್ನಲಾರೆ. ಅರ್ಧ ಎನ್ನುತ್ತೇನೆ. ಇನ್ನರ್ಧಕ್ಕೆ ಅರ್ಜಿ ಬರೆದು ಸೀಲು ಹಾಕಿಸಿಕೊಂಡೇ ಎದ್ದೆ. ಆದರೆ ಅರ್ಜಿ ನಡೆಯುವ ವೇಗಕ್ಕೆ ಮೀನು ಕಾಯುವುದಿಲ್ಲ.

ಜೂನ್ 17, ಸೋಮವಾರ

ಡಬ್ಬಿ ಪ್ರಯೋಗವೂ ನೆಗೆದುಬಿತ್ತು. ಮುಚ್ಚಳದ ಡಬ್ಬಿಗಳಲ್ಲಿ ಮೀನು ಕೊಟ್ಟು, ಮರಳಿ ತನ್ನಿ ಎಂದಿದ್ದೆವು. ಒಂದು ಮುಚ್ಚಳ ಮರಳಿತು. ಮುಚ್ಚಳ ಮಾತ್ರ.

ಕೆಲಸ ಮುಗಿಸಿ ಡಬ್ಬಿ ಕೇಳಲು ಮನೆ ಮನೆ ಹತ್ತಿಳಿದೆ. ಒಂದರಲ್ಲಿ ಹಿಟ್ಟು, ಒಂದರಲ್ಲಿ ಸೂಜಿ ದಾರ. ಆದರೆ ಪ್ರತಿ ಅಡುಗೆಮನೆಯಲ್ಲೂ ಕಂಡದ್ದು — ಪಾತ್ರೆಗಳ ರಾಶಿ! ಮೆಟ್ಟಿಲಲ್ಲೇ ನಿಂತುಬಿಟ್ಟೆ. ಪಾತ್ರೆ ಮಾರ್ಕೆಟ್ಟಿಗೆ ಬರುವುದಿಲ್ಲ. ಮೀನೇ ಪಾತ್ರೆಯ ಬಳಿಗೆ ಹೋಗಬೇಕು.

ಓಡಿ ಬಂದು ಹೇಳಿದರೆ ಅತ್ತಿಗೆ ಕೆಂಡವಾದಳು. “ನಮ್ಮಮ್ಮ ತಲೆ ಮೇಲೆ ಹೊತ್ತು ಹೊತ್ತು ಕತ್ತು ಸವೆಸಿ, ಕೂತು ಮಾರೋ ಜಾಗ ಸಂಪಾದಿಸಿದ್ಳು. ನನ್ನ ಮತ್ತೆ ಬೀದಿಗೆ ಎಬ್ಬಿಸ್ತೀಯಾ?”

“ನೀನು ಕೂತೇ ಇರು. ಹೊರೋದು ನಾನು.”

“ನೀನಾ! ಮೀನು ಮುಟ್ಟಿ ಮೂರು ಸಲ ಸೋಪು ಹಾಕೋಳು!”

ಜೂನ್ 20, ಗುರುವಾರ

ಅಂಗಡಿ ತೆರೆಯುವ ಮೊದಲಿನ ಹೊತ್ತು ನನ್ನದೇ. ಅಣ್ಣನ ಸೈಕಲ್ಲು, ಹಿಂದೆ ಮೀನಿನ ತೊಟ್ಟಿ, ಮೇಲೆ ಒದ್ದೆ ಗೋಣಿ. ಮೊದಲ ತಿರುವಿನಲ್ಲಿ ನಿಂತೆ. ಬಾಯಿ ತೆರೆದೆ...

ಮೆರವಣಿಗೆಯಲ್ಲಿ ಊರು ನಡುಗುವಂತೆ ಕೂಗಿದ ಗಂಟಲು. ಒಬ್ಬಳೇ ನಿಂತು “ಮೀನು” ಎನ್ನಲು ಬರಲಿಲ್ಲ. ಕೊನೆಗೆ ಬಂದದ್ದು — “ಪ್ಲಾಸ್ಟಿಕ್ ಮುಕ್ತ ಮೀನು!” ಮೇಲಿನಿಂದ ಒಬ್ಬ ಬಗ್ಗಿ ನೋಡಿದ. “ಏನು, ಬೇರೆ ಮೀನೊಳಗೆ ಪ್ಲಾಸ್ಟಿಕ್ ಇರುತ್ತಾ?” ಕಿಟಕಿ ಮುಚ್ಚಿತು.

ತೊಟ್ಟಿ ತುಂಬಿದಂತೆಯೇ ಮಾರ್ಕೆಟ್ಟಿಗೆ ವಾಪಸ್. ಅತ್ತಿಗೆ ಬಯ್ಯಲಿಲ್ಲ. ಕೈ ತೊಳೆದು ಬಂದು ಎದುರು ನಿಂತಳು.

“ಘೋಷಣೆ ಅಂದ್ರೆ ನೀನು ಕೂಗ್ತೀಯ, ಹಿಂದಿನೋರು ಹೌದು ಹೌದು ಅಂತಾರೆ. ಇಲ್ಲಿ ಹಿಂದೆ ಯಾರೂ ಇಲ್ಲ. ‘ಮೀ’ ಅನ್ನೋದನ್ನ ಎಳಿ. ‘ನು’ ಅನ್ನೋದನ್ನ ಬಿಟ್ಟುಬಿಡು, ಅದು ತಾನೇ ಮನೆಯೊಳಗೆ ಹೋಗುತ್ತೆ.”

ಅಲ್ಲೇ, ಎಲ್ಲರೆದುರು, ಕೂಗಿಸಿದಳು. ಪಕ್ಕದ ಕೋಳಿ ಅಂಗಡಿಯವನು, “ನನ್ನ ಕೋಳಿಗಳೂ ಹೆದರಿದ್ವು ಕಣಮ್ಮ” ಎಂದ. ಕೂಗುತ್ತಲೇ ಇದ್ದೆ.

ಜೂನ್ 22, ಶನಿವಾರ, ಬೆಳಿಗ್ಗೆ 7

ಉತ್ತರ ಕೊಡಬೇಕಾದ ದಿನ. ಹೊರಡುವಾಗ ಅತ್ತಿಗೆ, “ತೊಟ್ಟಿ ಖಾಲಿ ಬಂದ್ರೆ ನನ್ನ ಜಾಗದಲ್ಲೇ ನಾನು. ತುಂಬಿ ಬಂದ್ರೆ ಆ ಮ್ಯಾನೇಜರ್‌ಗೆ ಹೂಂ ಅಂದುಬಿಡ್ತೀನಿ. ಆಮೇಲೆ ಅಳಬಾರ್ದು” ಎಂದಳು. ಅಳುವವಳಲ್ಲ ನಾನು.

ಅದೇ ತಿರುವು. ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಮೂರು ಸಲ ಕೂಗಿಯಾಯಿತು. ಮೊದಲ ಸಲ ಒಂದು ನಾಯಿ ಬಂತು. ಎರಡನೇ ಸಲ ಒಬ್ಬ ಅಜ್ಜಿ ಬಾಗಿಲು ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋದರು. ಬಾಗಿಲು ಮಾತ್ರ ಮುಚ್ಚಲಿಲ್ಲ. ಮೂರನೇ ಸಲ ಗಂಟಲು ಒಣಗಿದ್ದಕ್ಕೋ ಏನೋ, ‘ಮೀ’ ಉದ್ದಕ್ಕೆ ಹೋಯಿತು. ‘ನು’ ಎಲ್ಲಿ ಬಿತ್ತೋ ಗೊತ್ತಿಲ್ಲ.

“ಏಯ್ ಮೀನಿನವಳೇ!”

ಯಾರನ್ನು ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ನನ್ನನ್ನೇ.

ಅಜ್ಜಿ ದೊಡ್ಡ ಪಾತ್ರೆ ಹಿಡಿದು ಇಳಿಯುತ್ತಿದ್ದಾರೆ. ಮೇಲಿನ ಮನೆಯಲ್ಲೂ ಪಾತ್ರೆಯ ಸದ್ದು... ಹೋದೆ, ಪೆನ್ನು ಮುಚ್ಚ—